ಡೈರಿಗೆ ಹಾಲು ಹಾಕಿ ಧರಣಿಗೆ

ದೇವನಹಳ್ಳಿ ದಾಟಿ ಚನ್ನರಾಯಪಟ್ಟಣ ಹೋಬಳಿಯ ಕಡೆ ತಿರುಗಿದರೂ ವಿಮಾನದ ಸದ್ದು ಬೆನ್ನು ಬಿಡುವುದಿಲ್ಲ. ಮೇಲೆ ಇಳಿಯುವ ವಿಮಾನ, ಕೆಳಗೆ ಕೆಮ್ಮಣ್ಣು. ರಸ್ತೆಯ ಒಂದು ಮಗ್ಗುಲಲ್ಲಿ ಕಲ್ಲುಕಂಬ ನೆಟ್ಟು ತಂತಿ ಎಳೆದ ದ್ರಾಕ್ಷಿ ಚಪ್ಪರ, ಇನ್ನೊಂದು ಮಗ್ಗುಲಲ್ಲಿ ಸೊಂಟದೆತ್ತರದ ಹಿಪ್ಪುನೇರಳೆ. ನಡುನಡುವೆ ಹನಿ ನೀರಾವರಿಯ ಕಪ್ಪು ಪೈಪುಗಳ ಪಕ್ಕ ಸಾಲು ಹಿಡಿದ ಕೋಸು, ಟೊಮೆಟೊ, ಹೂವು. ಮಳೆ ನಂಬಿದ ರಾಗಿ ಹೊಲ ಆಚೆಗೆ. ನದಿಯಿಲ್ಲ, ನಾಲೆಯಿಲ್ಲ. ಸಾಲ ಮಾಡಿ ಕೊರೆಸಿದ ಕೊಳವೆಬಾವಿಗಳು ಪಾತಾಳದಿಂದ ಎತ್ತಿಕೊಟ್ಟ ನೀರಿನ ಮೇಲೆ ಈ ಹಸಿರು ನಿಂತಿದೆ.

ಈ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಏರೋಸ್ಪೇಸ್ ಪಾರ್ಕಿಗೆಂದು ಗುರುತು ಮಾಡಿತು. ಮಂಡಳಿಯ 1966ರ ಕಾಯ್ದೆಯಲ್ಲಿ ಭೂಸ್ವಾಧೀನದ ದಾರಿ ನೇರ: 28(1)ರಡಿ ಮೊದಲ ನೋಟಿಸು, ಆಮೇಲೆ ತಕರಾರು ಕೇಳುವ ಶಾಸ್ತ್ರ, 28(4)ರಡಿ ಅಂತಿಮ ಅಧಿಸೂಚನೆ. ಊರವರಿಗೆ ಸೆಕ್ಷನ್ನು ಬಾಯಿಪಾಠವಾಗುವ ಹೊತ್ತಿಗೆ ಪಹಣಿಯಲ್ಲಿ ಮಂಡಳಿಯ ಹೆಸರು ಕೂತಿರುತ್ತದೆ; ಬ್ಯಾಂಕಿನ ಸಾಲವಿರಲಿ, ಅಣ್ಣತಮ್ಮಂದಿರ ಭಾಗಪತ್ರವೂ ಕಷ್ಟ. ಎಕರೆ, ಎರಡೆಕರೆಯವರೇ ಇಲ್ಲಿ ಹೆಚ್ಚು. ವಿಮಾನ ನಿಲ್ದಾಣಕ್ಕೆ, ಮೊದಲ ಹಂತದ ಪಾರ್ಕಿಗೆ ಜಮೀನು ಬಿಟ್ಟ ಸುತ್ತಲಿನವರಲ್ಲಿ ಕೆಲವರು ಯಾವುದೋ ಗೇಟಿನ ಮುಂದೆ ಸೆಕ್ಯೂರಿಟಿ ಸಮವಸ್ತ್ರದಲ್ಲಿ ನಿಂತಿರುವುದನ್ನು ಇವರು ದಿನವೂ ಕಂಡವರು. ಪರಿಹಾರದ ಲೆಕ್ಕ ಇವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

2022ರ ಏಪ್ರಿಲ್ 4ರಂದು ಚನ್ನರಾಯಪಟ್ಟಣದ ನಾಡಕಚೇರಿಯೆದುರು ಧರಣಿಗೆ ಕೂತರು.

ಧರಣಿಯೆಂದರೆ ಟೀವಿಯಲ್ಲಿ ಕಾಣುವುದು ಎತ್ತಿದ ಮುಷ್ಟಿ, ಕಿತ್ತಾಡುವ ಮೈಕು. ವರ್ಷಗಟ್ಟಲೆ ನಡೆಯುವ ಧರಣಿಯ ಬಹುಪಾಲು ಬರೀ ಕೂತಿರುವುದು. ಅದನ್ನು ನಡೆಸುವುದು ಭಾಷಣವಲ್ಲ, ಮನೆಗೆಲಸದ ಹೊಂದಾಣಿಕೆ. ಕೋಳಿ ಕೂಗುವ ಹೊತ್ತಿಗೆ ಹಸು ಕರೆದು ಡೈರಿಗೆ ಹಾಲು ಹಾಕಬೇಕು. ರೇಷ್ಮೆಹುಳುವಿಗೆ ಅಧಿಸೂಚನೆ ಗೊತ್ತಿಲ್ಲ. ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದ ಮೇಲಂತೂ ಹೊತ್ತುಹೊತ್ತಿಗೆ ಸೊಪ್ಪು ಬೀಳದಿದ್ದರೆ ಬೆಳೆ ಕೈಬಿಟ್ಟಂತೆಯೇ. ಕರೆಂಟು ಕೊಟ್ಟಾಗ ಮೋಟಾರು ಹಾಕಬೇಕು, ಅದು ನಡುರಾತ್ರಿಯೇ ಇರಲಿ. ಒಂದು ಮನೆಯಿಂದ ಒಬ್ಬರು ಟೆಂಟಿನಡಿ ಬಂದು ಕೂತರೆಂದರೆ ಅವರ ಪಾಲಿನ ಕೆಲಸ ಸೊಸೆಗೋ ಮಗನಿಗೋ ಪಕ್ಕದ ಹೊಲದವರಿಗೋ ಬಿತ್ತೆಂದೇ ಅರ್ಥ. ಸಂಘಟನೆ ಎಂಬ ದೊಡ್ಡ ಪದದ ಒಳಗೆ ಇರುವುದು ಇಂಥ ಸಣ್ಣಪುಟ್ಟ ಕೈಬದಲಿಗಳು. ಲೆಕ್ಕದ ವಹಿಯಿಲ್ಲದೆ ಇವು ನಡೆಯುವ ಊರಿನಲ್ಲಿ ಮಾತ್ರ ಧರಣಿ ಎರಡನೇ ಬೇಸಿಗೆ ಕಾಣುತ್ತದೆ.

ಧರಣಿ ಶುರುವಾದ ವರ್ಷದ ಆಗಸ್ಟ್ 15ರಂದು ಪ್ರತಿಭಟನೆಗೆ ಹೊರಟವರನ್ನು ಪೊಲೀಸರು ಹಿಡಿದರು. ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಧರಣಿಯ ಜಾಗಕ್ಕೇ ಬಂದು ಬೆಂಬಲ ಹೇಳಿ ಹೋದರು. 2023ರ ಮೇ ತಿಂಗಳಲ್ಲಿ ಅವರೇ ಮುಖ್ಯಮಂತ್ರಿಯಾದರು. ಸರ್ಕಾರ ಬದಲಾಯಿತು, ಕಡತ ಅದೇ ಮೇಜಿನಲ್ಲಿ ಉಳಿಯಿತು. ಯಾವ ಬಾವುಟ ನಂಬುವುದು ಎಂದು ಜನ ಸೋತು ಎದ್ದು ಹೋಗುವುದು ಸಾಮಾನ್ಯವಾಗಿ ಇಂಥ ಹೊತ್ತಿನಲ್ಲೇ. ಇಲ್ಲಿ ಹಾಗಾಗಲಿಲ್ಲ. ಹಸಿರು ಶಾಲು, ನೀಲಿ ಶಾಲು, ಕೆಂಪು ಬಾವುಟ ಒಂದೇ ಜಮಖಾನದ ಮೇಲೆ ಕೂತವು. ರೈತ, ದಲಿತ, ಕಾರ್ಮಿಕ ಸಂಘಟನೆಗಳ ‘ಸಂಯುಕ್ತ ಹೋರಾಟ ಕರ್ನಾಟಕ’ ಜೊತೆಗೂಡಿತು. ನಟ ಪ್ರಕಾಶ್ ರಾಜ್ ಬಂದರು, ಸಾಹಿತಿಗಳು ಬಂದರು. ಕರ್ನಾಟಕದ ಚಳವಳಿಗಳ ಒಡಕಿನ ಚರಿತ್ರೆ ಬಲ್ಲವರಿಗೆ ಆ ಜಮಖಾನವೇ ಅರ್ಧ ಗೆಲುವು.

ನನ್ನ ಕಣ್ಣಿಗೆ ನಿಜವಾದ ಪರೀಕ್ಷೆ ಲಾಠಿಯದಲ್ಲ, 2025ರ ಜೂನ್ 24ರದು. ಆ ದಿನ ಸರ್ಕಾರ ಮೂರು ಹಳ್ಳಿಗಳ 495 ಎಕರೆ ಬಿಡುತ್ತೇವೆ, ಉಳಿದದ್ದನ್ನು ತೆಗೆದುಕೊಳ್ಳುತ್ತೇವೆ ಎಂದಿತು. ಹಳೆಯ ಪಟ್ಟು ಇದು. ಮೂರು ಮನೆಗೆ ಹಬ್ಬ ಮಾಡಿಸಿ ಹತ್ತು ಮನೆಯನ್ನು ಒಂಟಿ ಮಾಡುವುದು. ಆ ಮೂರು ಹಳ್ಳಿಯವರು ಸಿಹಿ ಹಂಚಿ ಮನೆ ಸೇರಬಹುದಿತ್ತು. ಆದರೆ ಬಿಡುವುದಾದರೆ 13 ಹಳ್ಳಿಗಳನ್ನೂ ಬಿಡಿ ಎಂಬ ಪಟ್ಟು ಸಡಿಲಲಿಲ್ಲ. ಮಾರನೆಯ ದಿನವೇ ‘ದೇವನಹಳ್ಳಿ ಚಲೋ’. ಸಂಜೆ ಪೊಲೀಸರು ಧರಣಿನಿರತರನ್ನು ಎಳೆದು ವಾಹನಕ್ಕೆ ತುಂಬಿದರು. ಹೋರಾಟ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ನಡೆಯಿತು. ಜುಲೈ 4ರ ಸಭೆಯಲ್ಲಿ ಮುಖ್ಯಮಂತ್ರಿ ಹತ್ತು ದಿನ ಕೇಳಿದರು. ಜುಲೈ 15ರಂದು, ಧರಣಿ ಶುರುವಾದ 1,198ನೇ ದಿನ, ಸ್ವಾಧೀನ ಪ್ರಕ್ರಿಯೆಯನ್ನು ಪೂರ್ತಿ ಕೈಬಿಡುವುದಾಗಿ ಹೇಳಿದರು.

ಪಕ್ಕದ ಆಂಧ್ರದ ಸಚಿವ ನಾರಾ ಲೋಕೇಶ್ ಕೂಡಲೇ ಉದ್ಯಮಿಗಳಿಗೆ ಆಹ್ವಾನ ಕೊಟ್ಟರು, ತಮ್ಮಲ್ಲಿ 8,000 ಎಕರೆಗೂ ಹೆಚ್ಚು ಸಿದ್ಧವಿದೆಯೆಂದು. ಹೂಡಿಕೆ ಕೈತಪ್ಪಿತೆಂದು ಇಲ್ಲಿ ಕೆಲವರು ಪೇಚಾಡಿದರು. ಕೊಳವೆಬಾವಿಗೆ ಸುರಿದ ದುಡ್ಡೂ ಹೂಡಿಕೆಯೇ ಎಂದು ಅವರಿಗೆ ತೋಚಿರಲಿಕ್ಕಿಲ್ಲ.

ಕತೆ ಅಲ್ಲಿಗೆ ಮುಗಿದಿಲ್ಲ. ತಾವಾಗಿ ಜಮೀನು ಕೊಡಲು ಬಂದವರಿಂದ ಹೆಚ್ಚಿನ ಬೆಲೆಗೆ ಕೊಳ್ಳುತ್ತೇವೆ ಎಂಬ ಮಾತನ್ನೂ ಮುಖ್ಯಮಂತ್ರಿ ಅದೇ ದಿನ ಸೇರಿಸಿದರು. ಕೊಡಲು ಸಿದ್ಧರಿದ್ದ ಒಂದು ಗುಂಪು ಅದಕ್ಕೆ ಮೊದಲೇ ಅವರನ್ನು ಕಂಡು ಬಂದಿತ್ತು. ಆ ಗುಂಪಿನವರೂ ಇದೇ ಹೋಬಳಿಯವರು. ಸಾಲ, ಮಗಳ ಮದುವೆ, ಬತ್ತಿದ ಬೋರು, ಬೇಸಾಯ ಬೇಡವೆನ್ನುವ ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಕಾರಣವಿರಬಹುದು. ಅವರನ್ನು ದ್ರೋಹಿಗಳೆಂದು ಬೈದರೆ ಮೈಕಿಗೆ ಚಪ್ಪಾಳೆ ಸಿಗುತ್ತದೆ, ಊರು ಒಡೆಯುತ್ತದೆ. ಅವರ ಬದುವಿಗೆ ಹೋಗಿ ಕೂತು, ಈ ಸಲದ ದ್ರಾಕ್ಷಿಗೆ ಏನು ರೇಟು ಸಿಕ್ಕಿತು ಅಣ್ಣ ಎಂದು ಕೇಳಿ ಮಾತು ತೆಗೆಯುವವರು ಈಗ ಬೇಕಾಗಿದ್ದಾರೆ.