ಹಲ್ಲು ನೋಡಿ ಕಲ್ಲು ಕಟ್ಟುವ ಪಂದ್ಯ

ಕೃಷ್ಣೆಯ ಎರಡೂ ದಂಡೆಯ ಜಾತ್ರೆಗಳಲ್ಲಿ ತೇರು ಎಳೆದ ಮಾತ್ರಕ್ಕೆ ಜಾತ್ರೆ ಮುಗಿಯುವುದಿಲ್ಲ. ಎಳೆಯುವ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಊರ ಹೊರಗೆ ಹಸನು ಮಾಡಿದ ಕಣದಲ್ಲಿ ಟನ್‌ಗಟ್ಟಲೆ ತೂಕದ ಕಲ್ಲುಬಂಡೆ ಬಿದ್ದಿರುತ್ತದೆ. ಅದಕ್ಕೆ ಜೋಡೆತ್ತು ಹೂಡಿ, ಗೊತ್ತುಮಾಡಿದ ಹೊತ್ತಿನೊಳಗೆ ಯಾರ ಜೋಡಿ ಎಷ್ಟು ದೂರ ಎಳೆಯಿತು ಎಂದು ಟೇಪು ಹಿಡಿದು ಅಳೆಯುತ್ತಾರೆ. ರಾಯಚೂರಿನಲ್ಲಿ ಇದು ಭಾರದ ಕಲ್ಲು ಎಳೆಯುವ ಸ್ಪರ್ಧೆ. ಗದ್ವಾಲ, ಮಕ್ತಲ್, ನಾರಾಯಣಪೇಟೆಯ ತೆಲುಗರ ಬಾಯಲ್ಲಿ ಬಂಡಲಾಗುಡು. ಗದ್ವಾಲದ ಜಮ್ಮುಲಮ್ಮನ ಜಾತ್ರೆಯಲ್ಲಿ, ಐಜದ ತಿಕ್ಕವೀರೇಶ್ವರನ ಉತ್ಸವದಲ್ಲಿ ಇದನ್ನು ನೋಡಲೆಂದೇ ಬರುವವರಿದ್ದಾರೆ.

ಈ ಸೀಮೆಯ ಗಡಿ ಅನೇಕ ಸಲ ಬದಲಾಗಿದೆ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು. ಆ ಎರಡು ತಾಲ್ಲೂಕು ಆಂಧ್ರಪ್ರದೇಶದ ಮಹಬೂಬನಗರಕ್ಕೆ ಹೋದವು. 2016ರಲ್ಲಿ ಜೋಗುಳಾಂಬ ಗದ್ವಾಲ, 2019ರಲ್ಲಿ ನಾರಾಯಣಪೇಟೆ ತೆಲಂಗಾಣದ ಹೊಸ ಜಿಲ್ಲೆಗಳಾದವು. ಆದರೆ ಎತ್ತಿನ ಪಂದ್ಯದ ಸೀಮೆ ಮಾತ್ರ ಹಂಚಿಹೋಗಲಿಲ್ಲ. ಗದ್ವಾಲದ ಕಡೆಯ ಎತ್ತು ರಾಯಚೂರಿಗೆ ಬರುತ್ತದೆ, ರಾಯಚೂರಿನ ಎತ್ತು ದೇವಸೂಗೂರಿನ ಸೇತುವೆ ದಾಟಿ ಮಕ್ತಲ್ ಕಡೆ ಹೋಗುತ್ತದೆ. ಮೈಕಿನಲ್ಲಿ ತೆಲುಗು ಮೊಳಗುತ್ತಿದ್ದರೆ, ಎತ್ತಿನ ಮೂಗುದಾರ ಹಿಡಿದವನು ಕನ್ನಡದಲ್ಲಿ ಗದರಿಸುತ್ತಿರುತ್ತಾನೆ. ಕೃಷ್ಣಾ, ಮಕ್ತಲ್ ಮಂಡಲಗಳಲ್ಲಿ ಇವತ್ತಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿರುವ ಊರುಗಳಿವೆ. ಅಲ್ಲಿಯವರಿಗೆ ಈ ಎರಡು ಭಾಷೆಯ ಬೆರಕೆಯಲ್ಲಿ ವಿಶೇಷವೇನೂ ಕಾಣುವುದಿಲ್ಲ.

ಎರೆಹೊಲ ಕಲಿಸಿದ ಆಟ

ಪಂದ್ಯದ ಮೂಲ ಹೊಲದಲ್ಲಿದೆ. ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಗಟ್ಟಿಯಾಗುತ್ತದೆ, ಮಳೆ ಬಿದ್ದರೆ ಕಾಲು ಬಿಡದ ಕೆಸರಾಗುತ್ತದೆ. ಇಂಥ ಮಣ್ಣಿನಲ್ಲಿ ಕರಿಕೆ ಬೇರು ಕಿತ್ತುಬರುವಷ್ಟು ಆಳ ಉಳಬೇಕಾದರೆ ವೇಗದ ಎತ್ತು ಉಪಯೋಗವಿಲ್ಲ. ನಿಂತು ಜಗ್ಗುವ ಎತ್ತು ಬೇಕು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಸಾಂಗ್ಲಿ ಕಡೆಯ ಸಂಸ್ಥಾನಿಕರು ಗಿರ್, ಒಂಗೋಲು ಮತ್ತು ಸ್ಥಳೀಯ ದನಗಳನ್ನು ಬೆರೆಸಿ ಕೃಷ್ಣಾ ಕಣಿವೆ ತಳಿಯನ್ನು ಬೆಳೆಸಿದ್ದು ಈ ಎರೆಮಣ್ಣಿಗಾಗಿಯೇ. ಆಂಧ್ರದ ಕರಾವಳಿ ಕಡೆಯಿಂದ ಬಂದ ಒಂಗೋಲು ಇಂದಿನ ಪಂದ್ಯದ ರಾಜ. ಬಿಳಿ ಮೈ, ಎತ್ತರದ ಹಿಣಿಲು, ಮೋಟು ಕೋಡು, ಐದು ಕ್ವಿಂಟಲ್ ಮೀರುವ ತೂಕ. ಬ್ರೆಜಿಲ್ ದೇಶಕ್ಕೆ ಹೋದ ಇದೇ ತಳಿ ಅಲ್ಲಿ ನೆಲ್ಲೂರಿನ ಹೆಸರು ಹೊತ್ತು ನೆಲೋರ್ ಆಗಿ ಕೋಟಿಗಟ್ಟಲೆ ಹಬ್ಬಿದೆ.

ಪಂದ್ಯಗಳ ಹೊತ್ತೂ ಬೇಸಾಯದ ಪಂಚಾಂಗಕ್ಕೆ ಹೊಂದಿಕೊಂಡೇ ಇದೆ. ರಾಶಿ ಮುಗಿದು ಎತ್ತಿಗೆ ಬಿಡುವು ಸಿಗುತ್ತಿದ್ದ ಮಾಘದಿಂದ ಯುಗಾದಿಯವರೆಗೆ ಜಾತ್ರೆಯ ಪಂದ್ಯಗಳು. ಆಮೇಲೆ ಜ್ಯೇಷ್ಠದ ಕಾರಹುಣ್ಣಿಮೆ, ತೆಲುಗರ ಏರುವಾಕ ಪೌರ್ಣಮಿ. ಬಿತ್ತನೆಗೆ ಮುಂಚೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಜೂಲ ಹೊದಿಸುವ ಹಬ್ಬ. ರಾಯಚೂರಿನ ಮುನ್ನೂರುಕಾಪು ಸಮಾಜ ಕಾರಹುಣ್ಣಿಮೆಗೆ ನಡೆಸುವ ಮುಂಗಾರು ಹಬ್ಬ ಈಗ ಈ ಪಂದ್ಯದ ದೊಡ್ಡ ವೇದಿಕೆ. ರಾಜೇಂದ್ರ ಗಂಜ್ ಎಪಿಎಂಸಿ ಆವರಣದಲ್ಲಿ ಒಂದೂವರೆ, ಎರಡು, ಎರಡೂವರೆ ಟನ್ ಹೀಗೆ ಕಲ್ಲಿನ ತೂಕ ಏರುತ್ತ ಹೋಗುತ್ತದೆ. ಆಂಧ್ರ, ತೆಲಂಗಾಣದ ಜೋಡಿಗಳೂ ಬರುತ್ತವೆ.

ಬಾಯಿ ತೆರೆಸಿ ವರ್ಗ

ಜಗತ್ತಿನಲ್ಲಿ ಈ ಆಟ ನಮ್ಮಲ್ಲಿ ಮಾತ್ರ ಇರುವುದಲ್ಲ. ಸ್ಪೇನಿನ ಬಾಸ್ಕ್ ಸೀಮೆಯ ಊರಚೌಕಗಳಲ್ಲಿ ಎತ್ತುಗಳು ಕಲ್ಲು ಎಳೆಯುತ್ತವೆ. ಅಮೆರಿಕದ ಹಳ್ಳಿಗಾಡಿನ ರಾಜ್ಯ ಮೇಯ್ನ್‌ನಲ್ಲಿ 1851ರಿಂದ ನಡೆದುಬಂದ ಫ್ರೈಬರ್ಗ್ ಜಾತ್ರೆಯಲ್ಲಿ ಎತ್ತುಗಳು ಜಾರುಹಲಗೆಯ ಮೇಲೆ ಹೇರಿದ ಭಾರ ಜಗ್ಗುತ್ತವೆ. ಅಲ್ಲಿ ಜೋಡಿಯನ್ನು ತಕ್ಕಡಿಗೆ ಹತ್ತಿಸಿ ವರ್ಗ ಮಾಡುತ್ತಾರೆ. ನಮ್ಮಲ್ಲಿ ತಕ್ಕಡಿ ಬೇಡ, ಎತ್ತಿನ ಬಾಯಿ ತೆರೆಸಿದರೆ ಸಾಕು.

ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಬಾಯಿಗೂಡಿದ ಎತ್ತು. ಕರುವಿನ ಕೆಳದವಡೆಯ ಮುಂಭಾಗದಲ್ಲಿ ಎಂಟು ಹಾಲುಹಲ್ಲು. ಸುಮಾರು ಎರಡು, ಎರಡೂವರೆ ವರ್ಷಕ್ಕೆ ನಡುವಿನ ಜೋಡಿ ಬಿದ್ದು ಅಗಲ ಹಲ್ಲು ಮೂಡುತ್ತವೆ. ಮುಂದೆ ಒಂದೊಂದು ಜೋಡಿ ಬದಲಾಗುತ್ತ ನಾಲ್ಕೂವರೆ, ಐದು ವರ್ಷದ ಹೊತ್ತಿಗೆ ಎಂಟೂ ತುಂಬಿ ಎತ್ತು ಬಾಯಿಗೂಡುತ್ತದೆ. ಜನನ ಪತ್ರ ಇಲ್ಲದ ಪ್ರಾಣಿಗೆ ಇದಕ್ಕಿಂತ ನಂಬುವಂಥ ವಯಸ್ಸಿನ ಪುರಾವೆ ಇಲ್ಲ. ಎರಡು ಹಲ್ಲಿನ ಹೋರಿಗೆ ಸಣ್ಣ ಕಲ್ಲು, ಬಾಯಿಗೂಡಿದ್ದಕ್ಕೆ ದೊಡ್ಡದು. ಹೆಸರು ಬರೆಸುವಾಗ ಅನುಭವಸ್ಥನೊಬ್ಬ ಎಡಗೈಯಲ್ಲಿ ಮೂಗುದಾರ ಹಿಡಿದು ಬಲಗೈಯ ಹೆಬ್ಬೆರಳಿನಿಂದ ಕೆಳತುಟಿ ಒತ್ತಿ ನೋಡುತ್ತಾನೆ. ನಿಮಿಷವೂ ಹಿಡಿಯದ ಈ ಪರೀಕ್ಷೆಯ ಮೇಲಿನ ಜಗಳಗಳು ಮಾತ್ರ ಗಂಟೆಗಟ್ಟಲೆ ನಡೆಯುತ್ತವೆ: ಬೀಳುವಂತಿರುವ ಹಾಲುಹಲ್ಲು ಲೆಕ್ಕಕ್ಕೆ ಬರುವುದೋ ಇಲ್ಲವೋ?

ಕಣದಲ್ಲಿ ನೋಡುವವರು ಬಂಡೆಯ ಮೇಲೆ ಕಣ್ಣಿಡುತ್ತಾರೆ. ಬಲ್ಲವರು ಎತ್ತಿನ ಹಿಂಗಾಲು ನೋಡುತ್ತಾರೆ. ಸೀಟಿ ಊದಿದ ಕೂಡಲೇ ಮಿಣಿ ಬಿಗಿಯುತ್ತದೆ, ಎರಡೂ ಎತ್ತು ತಲೆ ತಗ್ಗಿಸಿ, ಹಿಂಗಾಲ ಗೊರಸನ್ನು ನೆಲಕ್ಕೆ ಊರಿ ಬೆನ್ನು ಬಾಗಿಸುತ್ತವೆ. ನಿಂತ ಕಲ್ಲು ಕದಲುವ ಕ್ಷಣಕ್ಕೆ ಬೇಕಾದ ಬಲ, ಕದಲಿದ ಕಲ್ಲನ್ನು ಎಳೆಯಲು ಬೇಕಾದ ಬಲಕ್ಕಿಂತ ಹೆಚ್ಚು. ಹಾಗಾಗಿ ಒಮ್ಮೆ ಹೊರಟ ಜೋಡಿ ನಿಲ್ಲಬಾರದು. ಕಣದ ಕೊನೆಗೆ ಹೋಗಿ ಕಲ್ಲು ತಿರುಗಿಸುವಾಗ ಅನೇಕ ಜೋಡಿ ಸೋಲುತ್ತವೆ. ಎರಡರಲ್ಲಿ ಒಂದು ಮುಂಚೆ ಜಗ್ಗಿ ಇನ್ನೊಂದು ತಡ ಮಾಡಿದರೆ ನೊಗ ಓರೆಯಾಗಿ ಬಲವೆಲ್ಲ ಪೋಲು. ಆದ್ದರಿಂದ ಬಲದಷ್ಟೇ ಜತೆಗಾರಿಕೆ ಮುಖ್ಯ. ಹತ್ತು, ಹದಿನೈದು, ಇಪ್ಪತ್ತು ನಿಮಿಷ, ಊರ ಕಮಿಟಿ ಗೊತ್ತುಮಾಡಿದ ಹೊತ್ತು ಮುಗಿದ ಮೇಲೆ ಅಡಿ, ಅಂಗುಲದ ಲೆಕ್ಕ.

ಟ್ರ್ಯಾಕ್ಟರ್ ಬಂದ ಮೇಲೆ

ಹೊಲ ಬಿಟ್ಟ ಎತ್ತು ಕಣದಲ್ಲಿ ಉಳಿದಿದೆ. ಜುರಾಲ ಅಣೆಕಟ್ಟಿನ ನೀರು ಹರಿದ ಕಡೆ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರ್, ಕಟಾವಿನ ಯಂತ್ರ ಬಂದವು. ಜೋಳ ಕಡಿಮೆಯಾದಂತೆ ಎತ್ತಿನ ಮೇವಾದ ಕಣಿಕೆಯೂ ಕಡಿಮೆಯಾಯಿತು. ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. ಜಾನುವಾರು ಗಣತಿಯ ಪ್ರಕಾರ 2012ರಲ್ಲಿ ಸುಮಾರು 6.8 ಕೋಟಿ ಇದ್ದ ಹೋರಿ, ಎತ್ತು, ಗಂಡುಕರುಗಳ ಸಂಖ್ಯೆ 2019ಕ್ಕೆ 4.7 ಕೋಟಿಗೆ ಇಳಿಯಿತು. ಏಳೇ ವರ್ಷದಲ್ಲಿ ಶೇ 30ರಷ್ಟು ಇಳಿತ. ಪಂದ್ಯದ ಎತ್ತು ಈಗ ಉಳುವುದಿಲ್ಲ, ಗಾಡಿ ಎಳೆಯುವುದಿಲ್ಲ. ಹುರುಳಿ, ಹತ್ತಿಕಾಳು, ಹಿಂಡಿ ತಿಂದು ತಾಲೀಮು ಮಾಡುತ್ತದೆ. ಹೆಸರಾದ ಜೋಡಿಗೆ ಬೆಲೆ ಲಕ್ಷಗಳಲ್ಲಿ. ಬಹುಮಾನದ ಹಣದಿಂದ ಮೇವಿನ ಖರ್ಚು ಹುಟ್ಟುವುದೂ ಕಷ್ಟ. ಇದನ್ನು ಸಾಕುವವರು ಲಾಭಕ್ಕಲ್ಲ, ಮರ್ಯಾದೆಗೆ ಸಾಕುತ್ತಾರೆ.

ಇನ್ನೊಂದು ಕಡೆ ಕಾನೂನಿದೆ. ಪ್ರಾಣಿಹಿಂಸೆ ತಡೆ ಕಾಯ್ದೆ 1960ರದು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟಗಳನ್ನು ನಿಷೇಧಿಸಿತು. ಆಮೇಲೆ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ಕಾಯ್ದೆಗೆ ತಿದ್ದುಪಡಿ ತಂದವು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅವನ್ನು ಎತ್ತಿಹಿಡಿಯಿತು. ಆ ವಾದವೆಲ್ಲ ನಡೆದದ್ದು ಜಲ್ಲಿಕಟ್ಟು, ಕಂಬಳ, ಓಟಗಳ ಸುತ್ತ. ಕಲ್ಲು ಎಳೆಯುವ ಎತ್ತಿನ ಪರವಾಗಿ ದೊಡ್ಡ ದನಿಯೇನೂ ಕೇಳಲಿಲ್ಲ. ತನ್ನ ಮರ್ಯಾದೆಯನ್ನು ಈ ಆಟ ತಾನೇ ಕಾಯ್ದುಕೊಳ್ಳಬೇಕು.

ಕಾಯ್ದುಕೊಳ್ಳುವ ದಾರಿಯೂ ಸರಳ. ಬಾರುಕೋಲು, ಮೊಳೆ, ಬಾಲ ತಿರುಚುವುದು ಈ ಪಂದ್ಯಕ್ಕೆ ಬೇಕಾಗಿಯೇ ಇಲ್ಲ. ಹೊಡೆತಕ್ಕೆ ಬೆದರಿದ ಜೋಡಿ ಜತೆ ತಪ್ಪುತ್ತದೆ, ದೂರ ಕಳೆದುಕೊಳ್ಳುತ್ತದೆ. ಹೊಡೆದವನ ಜೋಡಿಯನ್ನು ಕಣದಿಂದ ಆಚೆ ಕಳಿಸುವ ಕಮಿಟಿಗಳು, ಪಶುವೈದ್ಯರನ್ನು ಕಣದ ಅಂಚಿನಲ್ಲೇ ಕೂರಿಸುವ ಜಾತ್ರೆಗಳು ಹೆಚ್ಚಬೇಕು. ಕಲ್ಲಿನ ತೂಕ ಏರಿಸುವ ಪೈಪೋಟಿ ನಿಲ್ಲಬೇಕು. ಕಾರಹುಣ್ಣಿಮೆಗೆ ರಾಯಚೂರಿಗೋ ಮಾಘದಲ್ಲಿ ಗದ್ವಾಲಕ್ಕೋ ಹೋಗುವವರು ಒಂದು ಮಾತು ನೆನಪಿಡಿ: ಬರಿಗೈಯಲ್ಲಿ ಎತ್ತು ನಡೆಸುವವನಿಗೆ ಮಾತ್ರ ಸಿಳ್ಳೆ ಹೊಡೆಯಿರಿ. ಕೋಲು ಎತ್ತಿದವನಿಗೆ ಜನ ಸಿಳ್ಳೆ ಹೊಡೆಯುವುದನ್ನು ಬಿಟ್ಟರೆ ಕೋಲು ತಾನಾಗಿ ಕೆಳಗಿಳಿಯುತ್ತದೆ.