ಹಕ್ಕಲು ಆಯುವ ಕ್ಯಾಮೆರಾ

ಸಾಕ್ಷ್ಯಚಿತ್ರ ಎಂದರೆ ನನ್ನ ವಯಸ್ಸಿನವರಿಗೆ ಮೊದಲು ನೆನಪಾಗುವುದು ಟೆಂಟ್ ಸಿನಿಮಾದ ನ್ಯೂಸ್ ರೀಲು. ರಾಜ್‌ಕುಮಾರ್ ತೆರೆಯ ಮೇಲೆ ಬರುವ ಮೊದಲು ಫಿಲಂಸ್ ಡಿವಿಜನ್ನಿನ ಕಪ್ಪು ಬಿಳುಪು ಚಿತ್ರವೊಂದು ಓಡಲೇಬೇಕಿತ್ತು. ಎಲ್ಲೋ ಪ್ರವಾಹ, ಎಲ್ಲೋ ಅಣೆಕಟ್ಟು, ಮಂತ್ರಿಗಳಿಂದ ಉದ್ಘಾಟನೆ, ಹಿನ್ನೆಲೆಯಲ್ಲಿ ಗಡಸಾದ ಒಂದು ಗಂಡುದನಿ. ಅದು ಮುಗಿಯುವವರೆಗೆ ಜನ ಹೊರಗೆ ನಿಂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು, ಬೀಡಿ ಸೇದುತ್ತಿದ್ದರು. 'ಇಂಡಿಯನ್ ನ್ಯೂಸ್ ಮುಗೀತೇನಪ್ಪಾ?' ಎಂದು ಕೇಳಿಕೊಂಡೇ ಒಳಗೆ ಬರುತ್ತಿದ್ದರು.

ಆ ಬೀಡಿಯ ತಂಬಾಕನ್ನು ಕುಟ್ಟಿದವರು ಯಾರು, ಜರಡಿ ಹಿಡಿದವರು ಯಾರು ಎಂದು ನ್ಯೂಸ್ ರೀಲು ಹೇಳಿದ್ದು ನನಗೆ ನೆನಪಿಲ್ಲ. ಆ ಪ್ರಶ್ನೆಯನ್ನು ಕ್ಯಾಮೆರಾ ಹಿಡಿದು ಕೇಳಿದವರಲ್ಲಿ ಮೊದಲಿಗರು ಬೆಂಗಳೂರಿನ ಒಂದು ಪುಟ್ಟ ತಂಡದವರು. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರ್ಯಾಕ್ಟರ್ ಸೇರಿ 1980ರಲ್ಲಿ ಕಟ್ಟಿದ ಆ ತಂಡದ ಹೆಸರು 'ಯುಗಾಂತರ್'. ದೇಶದ ಮೊದಲ ಸ್ತ್ರೀವಾದಿ ಚಿತ್ರತಂಡವೆಂದು ಅದನ್ನು ಈಗ ಗುರುತಿಸುತ್ತಾರೆ. ಮೂರು ನಾಲ್ಕು ವರ್ಷಗಳಲ್ಲಿ ಅವರು ಮಾಡಿದ್ದು ನಾಲ್ಕೇ ಚಿತ್ರ. ಮೊದಲನೆಯದು ಪುಣೆಯ ಮನೆಗೆಲಸದ ಹೆಂಗಸರ ಬಗ್ಗೆ. ಎರಡನೆಯದು ನಮ್ಮದೇ ರಾಜ್ಯದ, ಬೆಳಗಾವಿ ಜಿಲ್ಲೆಯ ನಿಪ್ಪಾಣಿಯದು.

ನಿಪ್ಪಾಣಿ ತಂಬಾಕಿನ ಊರು. ಗಡಿಯ ಊರಾದ್ದರಿಂದ ಕೆಲಸಗಾರ್ತಿಯರ ಮಾತು ಮರಾಠಿ. ಚಿತ್ರದ ಹೆಸರೂ ಮರಾಠಿಯದೇ, 'ತಂಬಾಕು ಚಾಕಿಲಾ ಊಬ್ ಆಲಿ'. ಇಂಗ್ಲಿಷಿನಲ್ಲಿ ಅದನ್ನು 'ಟೊಬ್ಯಾಕೊ ಎಂಬರ್ಸ್' ಎಂದು ಕರೆದರು, ತಂಬಾಕಿನ ಕೆಂಡ. 1982ರ ಈ ಚಿತ್ರ ಓಡುವುದು ಸುಮಾರು 25 ನಿಮಿಷ ಮಾತ್ರ. ಅದಕ್ಕಾಗಿ ತಂಡದವರು ನಾಲ್ಕು ತಿಂಗಳು ಆ ಹೆಂಗಸರ ಜತೆ ಕಳೆದರು. ಅಷ್ಟು ದಿನ ಅವರು ಮಾಡಿದ ಮುಖ್ಯ ಕೆಲಸ ಕೂತು ಕೇಳಿಸಿಕೊಳ್ಳುವುದು. ಸಂಘ ಕಟ್ಟಿದ್ದು ಹೇಗೆ, ಮಾಲೀಕರೆದುರು ಮೊದಲ ಸಲ ಬಾಯಿ ಬಿಟ್ಟಿದ್ದು ಯಾರು, ಕೆಲಸದಿಂದ ತೆಗೆದಾಗ ಮನೆಯಲ್ಲಿ ಒಲೆ ಹೇಗೆ ಉರಿಯಿತು. ಆಮೇಲೆ ಏನನ್ನು ಚಿತ್ರಿಸಬೇಕು, ಹೇಗೆ ತೋರಿಸಬೇಕು ಎಂಬುದನ್ನು ಆ ಕೆಲಸಗಾರ್ತಿಯರನ್ನೂ ಕೂರಿಸಿಕೊಂಡೇ ಗೊತ್ತುಮಾಡಿದರು. ಕೆಲವು ಸಂದರ್ಭಗಳನ್ನು ಅವರೇ ಮತ್ತೆ ನಡೆಸಿ ತೋರಿಸಿದರು.

ಕಾರ್ಖಾನೆಯ ಒಳಗಿನ ದೃಶ್ಯಗಳು ಈ ಚಿತ್ರದ ಜೀವ. ಅದುವರೆಗೆ ಹೊರಗಿನವರು ಆ ಒಳಭಾಗವನ್ನು ನೋಡಿದ್ದು ಇಲ್ಲವೆಂದೇ ಹೇಳಬೇಕು. ಎಲ್ಲೆಲ್ಲೂ ತಂಬಾಕಿನ ದೂಳು, ಮೂಗಿಗೆ ಬಾಯಿಗೆ ಸೆರಗು ಕಟ್ಟಿಕೊಂಡ ಹೆಂಗಸರು. ವಿಜ್ಞಾನದ ಮೇಷ್ಟ್ರಾಗಿ ಇಲ್ಲಿ ಒಂದು ಮಾತು ಸೇರಿಸುತ್ತೇನೆ. ದಪ್ಪ ದೂಳನ್ನು ಮೂಗಿನ ಕೂದಲು, ಸಿಂಬಳ ತಡೆಯುತ್ತವೆ. ಅತಿ ಸಣ್ಣ ಕಣ ನೇರ ಶ್ವಾಸಕೋಶದ ಗಾಳಿಗೂಡಿನವರೆಗೆ ಹೋಗಿ ಕೂರುತ್ತದೆ. ತಂಬಾಕಿನ ದೂಳಿನಲ್ಲಿ ನಿಕೋಟಿನ್ ಬೇರೆ ಇದೆ. ಬೀಡಿ ಸೇದದೆಯೇ ಬೀಡಿಯ ಕೆಡುಕನ್ನು ಒಳಗೆ ಎಳೆದುಕೊಂಡವರು ಇವರು. ಇದನ್ನು ನಾನು ಕರಿಹಲಗೆಯ ಮೇಲೆ ಚಿತ್ರ ಬರೆದು ಹೇಳಿದರೆ ಮಕ್ಕಳು ಪರೀಕ್ಷೆ ಮುಗಿಯುವವರೆಗೆ ನೆನಪಿಟ್ಟಾರು. ಬೆಳಕಿನ ಕೋಲಿನಲ್ಲಿ ದೂಳು ಕುಣಿಯುವುದನ್ನೂ ಅದರ ನಡುವೆ ಒಬ್ಬ ತಾಯಿ ಕೆಮ್ಮುವುದನ್ನೂ ಕಂಡವರು ಮರೆಯುವುದು ಕಷ್ಟ.

ಇಂಥ ಕಡೆ ಗಂಡಸಿನ ಕ್ಯಾಮೆರಾ ಹೋಗಲಾರದೆ? ಹೋದೀತು. ನವರೋಜ್ ಗಂಡಸೇ ಅಲ್ಲವೆ? ಆದರೆ ಮೇಸ್ತ್ರಿಯ ಕೈ ಎಲ್ಲೆಲ್ಲಿ ಬೀಳುತ್ತಿತ್ತು ಎಂಬುದನ್ನು ಒಬ್ಬ ಹೆಂಗಸು ಹೇಳಬೇಕಾದರೆ ಎದುರಿಗೆ ಕೂತವಳೂ ಹೆಂಗಸಾಗಿದ್ದರೆ ಮಾತು ಬೇಗ ಬರುತ್ತದೆ. ನಮ್ಮ ಅಕ್ಕತಂಗಿಯರು ಯಾವ ಮಾತನ್ನು ಹಿತ್ತಲಲ್ಲಿ ಆಡುತ್ತಾರೆ, ಯಾವುದನ್ನು ಪಡಸಾಲೆಯಲ್ಲಿ ಆಡುತ್ತಾರೆ ಎಂದು ಯೋಚಿಸಿದರೆ ಇದಕ್ಕೆ ಬೇರೆ ಪುರಾವೆ ಬೇಡ.

ಚಿತ್ರ ಮುಗಿದ ಮೇಲೆ ಅದು ಥಿಯೇಟರಿಗೆ ಹೋಗಲಿಲ್ಲ. ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿ ಕೆಲಸಗಾರರ ಸಭೆಗಳಲ್ಲಿ, ಕೇರಿಗಳಲ್ಲಿ ತೋರಿಸಿ, ಅಲ್ಲೇ ಚರ್ಚೆ ನಡೆಸುತ್ತಿದ್ದರು. ವರ್ಷಗಳು ಕಳೆದಂತೆ ಪ್ರತಿಗಳು ಸವೆದವು. ಬರ್ಲಿನ್ನಿನ ಆರ್ಸೆನಲ್ ಎಂಬ ಚಿತ್ರಸಂಸ್ಥೆ ಈಚೆಗೆ ಇವನ್ನು ಡಿಜಿಟಲ್ ರೂಪಕ್ಕೆ ತಂದು ಉಳಿಸಿದೆ. ನಿಪ್ಪಾಣಿಯ ಕೆಮ್ಮನ್ನು ಕಾಪಾಡಲು ಬರ್ಲಿನ್ ಬೇಕಾಯಿತು!

ಈಗ ಒಂದು ಲೆಕ್ಕ. ಅಂದಿನ ಚಿತ್ರಗಳನ್ನು ತೆಗೆಯುತ್ತಿದ್ದುದು 16 ಮಿಲಿಮೀಟರ್ ಫಿಲಂನಲ್ಲಿ. ಒಂದು ಅಡಿ ಫಿಲಂನಲ್ಲಿ 40 ಚೌಕಟ್ಟು; ಸೆಕೆಂಡಿಗೆ 24 ಚೌಕಟ್ಟು ಓಡಬೇಕು. ಅಂದರೆ ನಿಮಿಷಕ್ಕೆ 36 ಅಡಿ. ಮಾಮೂಲಿನ 400 ಅಡಿಯ ಸುರುಳಿ 11 ನಿಮಿಷಕ್ಕೆ ಖಾಲಿ. ಧ್ವನಿಗೆ ಬೇರೆ ಟೇಪು, ಬೇರೆ ಯಂತ್ರ. ಎರಡನ್ನೂ ಆಮೇಲೆ ಹೊಂದಿಸಲಿಕ್ಕೆಂದೇ ಆ ಮರದ ಹಲಗೆಯ 'ಟಪ್' ಶಬ್ದ. ಸುರುಳಿಗೆ ದುಡ್ಡು, ತೊಳೆಯಲು ದುಡ್ಡು. ಎದುರಿಗಿದ್ದವರು ಮುಖ್ಯವಾದ ಮಾತು ಆಡುವ ಹೊತ್ತಿಗೆ ಸುರುಳಿ ಮುಗಿದರೆ ಮುಗಿಯಿತು. ಕ್ಯಾಮೆರಾ ಒತ್ತುವ ಮೊದಲು ನಾಲ್ಕು ತಿಂಗಳು ಕೇಳಿಸಿಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನನ್ನ ಊಹೆ.

ಇದರ ಪಕ್ಕಕ್ಕೆ ಇನ್ನೊಂದು ಚಿತ್ರ ಇಡೋಣ. 2023ರ ಮಾರ್ಚಿನಲ್ಲಿ ಆಸ್ಕರ್ ಗೆದ್ದ 'ದಿ ಎಲಿಫೆಂಟ್ ವಿಸ್ಪರರ್ಸ್' ನಮ್ಮ ಬಂಡೀಪುರದ ಗಡಿಗೆ ಅಂಟಿದ ಮುದುಮಲೈ ಕಾಡಿನದು. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್. ತೆಪ್ಪಕಾಡು ಆನೆ ಶಿಬಿರದ ಬೊಮ್ಮನ್ ಮತ್ತು ಬೆಳ್ಳಿ ಎಂಬ ಕಾಟ್ಟುನಾಯಕನ್ ದಂಪತಿ ತಬ್ಬಲಿ ಆನೆಮರಿ ರಘುವನ್ನು ಸಾಕಿದ ಕತೆ. ಚಿತ್ರ ಸುಮಾರು 40 ನಿಮಿಷ. ತೆಗೆದದ್ದು ಐದು ವರ್ಷ, ಸುಮಾರು 450 ಗಂಟೆಯಷ್ಟು. ಅದನ್ನು ಹಳೆಯ 16 ಮಿಲಿಮೀಟರ್ ಫಿಲಂನಲ್ಲಿ ತೆಗೆದಿದ್ದರೆ? 27,000 ನಿಮಿಷಕ್ಕೆ 9,72,000 ಅಡಿ, ಹತ್ತಿರ ಹತ್ತಿರ 296 ಕಿಲೋಮೀಟರು. ಜಗಳೂರಿನಿಂದ ಬೆಂಗಳೂರಿನವರೆಗೆ ರಸ್ತೆಯುದ್ದಕ್ಕೂ ಹಾಸಿದರೂ ಇನ್ನೂ ಮಿಗುತ್ತದೆ. (ಮಕ್ಕಳೇ, ಲೆಕ್ಕವನ್ನು ನೀವೇ ಒಮ್ಮೆ ಮಾಡಿ ನೋಡಿ.) ಡಿಜಿಟಲ್ ಕ್ಯಾಮೆರಾ ಬಂದದ್ದರಿಂದ ಕಾಯುವುದು ಅಗ್ಗವಾಯಿತು. ಆನೆಮರಿ ತಾನಾಗಿ ಏನಾದರೂ ಮಾಡಲಿ ಎಂದು ಕಾದು ಕೂರುವ ಸ್ವಾತಂತ್ರ್ಯ ಸಿಕ್ಕಿತು.

ಆದರೆ ಅಗ್ಗವಾಗದ ಸಂಗತಿಯೊಂದಿದೆ. ಅದೇ 2023ರಲ್ಲಿ ಆ ದಂಪತಿಯ ಹೆಸರಿನಲ್ಲಿ ತಮಗೆ ಬರಬೇಕಾದುದು ಬರಲಿಲ್ಲವೆಂಬ ತಕರಾರು ಎದ್ದು ಪತ್ರಿಕೆಗಳಲ್ಲಿ ಬಂತು. ಚಿತ್ರ ಮಾಡಿದವರು ಅದನ್ನು ಅಲ್ಲಗಳೆದರು. ಯಾರ ಮಾತು ಸರಿ ಎಂದು ತೀರ್ಪು ಕೊಡಲು ನಾನು ಹೊರಟಿಲ್ಲ. ಒಬ್ಬರ ಬದುಕನ್ನು ಚಿತ್ರ ಮಾಡಿದರೆ ಆ ಚಿತ್ರ ಯಾರದು ಎಂಬ ಪ್ರಶ್ನೆ ಮಾತ್ರ ಈ ಕಸುಬಿನ ಜತೆಗೇ ಹುಟ್ಟಿದ್ದು. ಸಣ್ಣವರಿಗೂ ಅದನ್ನು ಮೊದಲೇ ಹೇಳಿಕೊಡಬೇಕು.

ಹೊರದೇಶದ ಒಬ್ಬಾಕೆಯ ಹೆಸರನ್ನು ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಫ್ರಾನ್ಸಿನ ಆನ್ಯೆಸ್ ವಾರ್ಡಾ. 1928ರಲ್ಲಿ ಹುಟ್ಟಿ 2019ರಲ್ಲಿ ತೀರಿಕೊಂಡ ಈಕೆ ಎಪ್ಪತ್ತು ದಾಟಿದ ಮೇಲೆ, 2000ದಲ್ಲಿ, ಅಂಗೈ ಅಗಲದ ಡಿಜಿಟಲ್ ಕ್ಯಾಮೆರಾ ಹಿಡಿದು ಮಾಡಿದ ಚಿತ್ರದ ವಸ್ತು ಏನು ಗೊತ್ತೆ? ಹಕ್ಕಲು! ಹೊಲದಲ್ಲಿ ಕಟಾವಾದ ಮೇಲೆ ಉಳಿದ ಆಲೂಗೆಡ್ಡೆ, ತೋಟದಲ್ಲಿ ಬಿಟ್ಟ ಹಣ್ಣು, ಸಂತೆ ಮುಗಿದ ಮೇಲೆ ನೆಲದಲ್ಲಿ ಬಿದ್ದ ತರಕಾರಿ, ಇವನ್ನು ಆಯ್ದುಕೊಂಡು ಬದುಕುವವರನ್ನು ಹುಡುಕಿಕೊಂಡು ಆಕೆ ದೇಶ ಸುತ್ತಿದಳು. ಜಗಳೂರು ಸೀಮೆಯಲ್ಲಿ ಶೇಂಗಾ ಕಿತ್ತ ಹೊಲಕ್ಕೆ ಪುಟ್ಟಿ ಹಿಡಿದು ಹೋಗುವ ಹೆಂಗಸರು ಮಕ್ಕಳನ್ನು ಕಂಡವರಿಗೆ ಪ್ಯಾರಿಸ್ಸಿನ ಆ ಅಜ್ಜಿ ಪರಕೀಯಳೆನಿಸುವುದಿಲ್ಲ. ಸಾಕ್ಷ್ಯಚಿತ್ರ ಮಾಡುವುದೂ ಹಕ್ಕಲು ಆಯುವ ಕೆಲಸವೇ. ಪತ್ರಿಕೆ, ಟಿ.ವಿ.ಗಳು ಕೊಯ್ದುಕೊಂಡು ಹೋದ ಮೇಲೆ ನೆಲದಲ್ಲಿ ಏನು ಉಳಿಯಿತು ಎಂದು ಬಗ್ಗಿ ನೋಡುವುದು.

ನಮ್ಮ ದೇಶದಲ್ಲಿ ಪಾಠ ಹೇಳುವವರು ನೆನೆಯಬೇಕಾದ ಇಬ್ಬರಿದ್ದಾರೆ. ವಿಜಯಾ ಮುಳೆ 1974ರಲ್ಲಿ ನಿರ್ದೇಶಿಸಿದ 'ಏಕ್ ಅನೇಕ್ ಔರ್ ಏಕತಾ' ಎಂಬ ಕಿರುಚಿತ್ರವನ್ನು ಇಂದಿನ ತಾಯ್ತಂದೆಯರು ದೂರದರ್ಶನದಲ್ಲಿ ಕಂಡೇ ಇರುತ್ತಾರೆ. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಕಳಿಸುವ 'ಸೈಟ್' ಪ್ರಯೋಗ ನಡೆಯಿತಷ್ಟೆ. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಆ ಪ್ರಯೋಗದ ಮಕ್ಕಳ ಕಾರ್ಯಕ್ರಮಗಳ ಹೊಣೆ ಹೊತ್ತವರೂ ಇವರೇ. ಇನ್ನೊಬ್ಬರು ಚಂದಿತಾ ಮುಖರ್ಜಿ. ಇತಿಹಾಸಪೂರ್ವ ಕಾಲದಿಂದ ಹಿಡಿದು ನಮ್ಮ ಕಾಲದವರೆಗೆ ಈ ನಾಡಿನ ವಿಜ್ಞಾನ, ತಂತ್ರಜ್ಞಾನದ ಕತೆಯನ್ನು 13 ಕಂತುಗಳಲ್ಲಿ ಹೇಳಿದ 'ಭಾರತ್ ಕೀ ಛಾಪ್' ಸರಣಿಯನ್ನು 1989ರಲ್ಲಿ ದೂರದರ್ಶನಕ್ಕೆ ನಿರ್ದೇಶಿಸಿದರು. ಪಾಠದ ಪುಸ್ತಕದಲ್ಲಿ ಒಂದೇ ಸಾಲಾಗಿ ಬರುವ ಸಂಗತಿಗಳು ಅದರಲ್ಲಿ ಕುಂಬಾರನ ತಿಗರಿಯಾಗಿ, ಕಮ್ಮಾರನ ಕುಲುಮೆಯಾಗಿ ಕಾಣುತ್ತವೆ.

ದೀಪಾ ಧನರಾಜ್ ಅವರ ಮತ್ತೊಂದು ಚಿತ್ರ, 1991ರ 'ಸಮ್‌ಥಿಂಗ್ ಲೈಕ್ ಎ ವಾರ್', ಕುಟುಂಬ ಯೋಜನೆಯ ಶಸ್ತ್ರಚಿಕಿತ್ಸೆಯ ಶಿಬಿರಗಳ ಕುರಿತದ್ದು. ಅದನ್ನು ಸಣ್ಣ ಮಕ್ಕಳಿಗೆ ತೋರಿಸಿ ಎನ್ನಲಾರೆ. ಆದರೆ ಅದರಲ್ಲಿ ಹಳ್ಳಿಯ ಹೆಂಗಸರು ಸುತ್ತ ಕೂತು ತಮ್ಮ ಮೈಯ ಬಗ್ಗೆ ತಾವೇ ಮಾತಾಡಿಕೊಳ್ಳುವ ಭಾಗವಿದೆ. ಸಂತಾನೋತ್ಪತ್ತಿಯ ಪಾಠ ಬಂದಾಗ 'ಮನೇಲಿ ಓದ್ಕೊಳ್ಳಿ' ಎಂದು ಪುಟ ತಿರುವುವ ತರಗತಿಗಳು ಇನ್ನೂ ಇರುವಾಗ, ಆ ಹೆಂಗಸರ ಧೈರ್ಯವನ್ನು ದೊಡ್ಡವರಾದರೂ ನೋಡಬೇಕು.

ಹತ್ತಿರದ ಹೆಸರುಗಳೂ ಇವೆ. ಬೆಂಗಳೂರಿನ ಆಟೊ ಚಾಲಕರ ಪಾಲಿನ ಶಂಕರ್‌ನಾಗ್ ಕುರಿತು ಸುಷ್ಮಾ ವೀರಪ್ಪ, ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಕಬೀರಗಾಯನ ಕುರಿತು ಶಬ್ನಂ ವೀರಮಾನಿ, ವಯನಾಡಿನ ನೆಲದ ಕುರಿತು ಸುನಂದಾ ಭಟ್ ಚಿತ್ರ ಮಾಡಿದ್ದಾರೆ.

ಇದನ್ನೆಲ್ಲ ಬರೆಯಲು ಕಾರಣವಿದೆ. ಪಿ.ಯು.ಸಿ. ಮುಗಿಸಿದ ಹುಡುಗಿಯೊಬ್ಬಳ ತಂದೆ ಸಂತೆಯಲ್ಲಿ ಸಿಕ್ಕಿ ಕೇಳಿದರು: 'ಸಾರ್, ನಮ್ಮುಡುಗಿ ಸಿನಿಮಾ ತೆಗಿಯೋದು ಕಲೀತೀನಿ ಅಂತಾಳೆ. ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಊರೂರು ತಿರುಗಿದ್ರೆ ಜನ ಏನಂತಾರ್ರೀ? ಹೊಟ್ಟೆಗೇನು?' ಎರಡೂ ನ್ಯಾಯವಾದ ಪ್ರಶ್ನೆಗಳೇ. ಹೊಟ್ಟೆಯ ವಿಷಯ ಮೊದಲು ಹೇಳುತ್ತೇನೆ. ಸಾಕ್ಷ್ಯಚಿತ್ರವೊಂದನ್ನೇ ನಂಬಿ ಸಂಸಾರ ತೂಗಿಸುವುದು ಕಷ್ಟ. ಆದರೆ ಈ ಕಲಿಕೆಯ ಒಳಗೆ ಛಾಯಾಗ್ರಹಣ, ಧ್ವನಿಗ್ರಹಣ, ಸಂಕಲನ ಎಂಬ ಮೂರು ಕಸುಬುಗಳಿವೆ; ಮೂರಕ್ಕೂ ಕೂಲಿ ಇದೆ. ಬೆಂಗಳೂರಿನ ಹೆಸರಘಟ್ಟದಲ್ಲಿ ಸರ್ಕಾರದ್ದೇ ಫಿಲಂ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರಾಯ್ ಸಂಸ್ಥೆ ಇವೆ. ಡಿಗ್ರಿ ಒಂದು ಕೈಯಲ್ಲಿರಲಿ, ಆಮೇಲೆ ಪ್ರಯತ್ನಿಸಲಿ ಎಂಬುದು ನನ್ನ ಸಲಹೆ. ಬೆಳಕು, ಮಸೂರ, ಶಬ್ದದ ತರಂಗ ಓದಿದವಳಿಗೆ ಕ್ಯಾಮೆರಾ ಅಪರಿಚಿತವಾಗುವುದಿಲ್ಲ. ಇನ್ನು ಜನ. ನಿಪ್ಪಾಣಿಯ ಹೆಂಗಸರು ಸಂಘ ಕಟ್ಟಿದಾಗಲೂ ಜನ ಏನೋ ಅಂದಿರಬೇಕು. ಏನೆಂದರೆಂದು ಇಂದು ಯಾರಿಗೂ ನೆನಪಿಲ್ಲ; ಚಿತ್ರ ಉಳಿದಿದೆ.

ಜಗಳೂರಿನಲ್ಲಿ ಚಿತ್ರಕ್ಕೆ ವಸ್ತುವಿಗೇನು ಬರ? ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿ ಇದೆ. ಅದಕ್ಕೆಂದೇ 2011ರಲ್ಲಿ ಅದನ್ನು ವನ್ಯಧಾಮವೆಂದು ಸಾರಿದರು. ಆಳದ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಹಲ್ಲಿನ ಮೇಲೆ ಕಂದುಗೆರೆ ಮೂಡಿದ ಮಕ್ಕಳಿದ್ದಾರೆ. ತುಂಬುವ ಕೆರೆಯನ್ನು ಕಾಯುತ್ತ ಕೂತ ಮುದುಕರಿದ್ದಾರೆ.

ಕಳೆದ ಬೇಸಿಗೆಯಲ್ಲಿ ಒಂಬತ್ತನೇ ತರಗತಿಯ ಮೂವರು ಹುಡುಗಿಯರು ಮನೆಯ ಮೊಬೈಲಿನಲ್ಲಿ ಹುಣಸೆಹಣ್ಣಿನ ಕೆಲಸವನ್ನು ತೆಗೆದರು. ಓಡು ಒಡೆದು, ನಾರು ಎಳೆದು, ಕುಟ್ಟಿ ಬೀಜ ಬಿಡಿಸುವುದು. ಕೂಲಿ ಕಿಲೋ ಲೆಕ್ಕ. ಬೆರಳು ಸೀಳಿದ ಕಡೆ ಹುಣಸೆಯ ಟಾರ್ಟಾರಿಕ್ ಆಮ್ಲ ಉರಿ ಹತ್ತಿಸುತ್ತದೆ. ಕೆಲಸ ಮಾಡುತ್ತಿದ್ದವರು ಮೂವರಲ್ಲಿ ಒಬ್ಬಳ ತಾಯಿಯೇ. ಮಾತಿನ ನಡುವೆ ಆಕೆ, ಏಳನೇ ತರಗತಿಯಲ್ಲಿ ಮೊದಲನೆಯವಳಾಗಿ ಪಾಸಾದ ವರ್ಷವೇ ತನ್ನನ್ನು ಶಾಲೆ ಬಿಡಿಸಿದ್ದನ್ನು ಹೇಳಿಬಿಟ್ಟರು. ಮಗಳಿಗೂ ಅದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, 'ಅದನ್ನ ತೆಗೆದ್ಬಿಡವ್ವಾ, ನಾಕು ಜನ ನೋಡ್ತಾರೆ' ಎಂದರು.

ಹುಡುಗಿಯರಲ್ಲಿ ಎರಡು ದಿನ ಜಗಳ. ಇಡೀ ಚಿತ್ರದಲ್ಲಿ ಚೆನ್ನಾಗಿರುವುದೇ ಆ ಮಾತು ಎಂದು ಒಬ್ಬಳು. ಚೆನ್ನಾಗಿದೆಯೆಂದು ಇಟ್ಟುಕೊಳ್ಳಲು ಅದೇನು ನಮ್ಮದೆ ಎಂದು ಇನ್ನೊಬ್ಬಳು. ನನ್ನ ಹತ್ತಿರ ಬಂದಾಗ, ಹೋಗಿ ಅವರನ್ನೇ ಕೇಳಿ ಎಂದೆ. ಹೋಗಿ, ತೆಗೆದಷ್ಟನ್ನೂ ತೋರಿಸಿದರು. ಆ ತಾಯಿ ಎರಡು ಸಲ ನೋಡಿದರಂತೆ. 'ಮಕ ಬ್ಯಾಡ. ಕೈ ಇರ್ಲಿ, ಮಾತಿರ್ಲಿ' ಎಂದರಂತೆ.

ಮತ್ತೊಂದು ಮಧ್ಯಾಹ್ನ ಕೂತು ಕೈಗಳನ್ನಷ್ಟೇ ತೆಗೆದುಕೊಂಡು ಬಂದರು. ಈಗಿರುವ ಚಿತ್ರ ಆರು ನಿಮಿಷದ್ದು. ಎರಡು ಕೈ, ಕಲ್ಲಿನ ಮೇಲೆ ಹುಣಸೆ ಕುಟ್ಟುವ ಸದ್ದು, ಅದರ ಮೇಲೆ ಆ ದನಿ.