ನಿಯತ್ತು ಮೊದಲು ತಪ್ಪಿದ್ದು ಯಾರು?

ಬೆಂಗಳೂರಿನಲ್ಲಿ ಹೆಣ್ಣು ಕೊಡುವವರು ಒಂದು ಕಾಲಕ್ಕೆ ಗಂಡಿನ ಸಂಬಳವನ್ನು ಮೊದಲು ವಿಚಾರಿಸುತ್ತಿರಲಿಲ್ಲ. ‘ಹುಡುಗನಿಗೆ ಪರ್ಮನೆಂಟ್ ಆಗಿದೆಯಾ?’ ಎಂದು ಕೇಳುತ್ತಿದ್ದರು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್ – ಇವುಗಳಲ್ಲಿ ಒಂದರ ಹೆಸರು ಹೇಳಿ ‘ಆಗಿದೆ’ ಎಂದರೆ ಉಳಿದ ಮಾತುಕತೆ ಸಲೀಸು. ಹಾಗೆ ಸೇರಿದವನು ನಿವೃತ್ತಿಯ ದಿನ ಹಾರ ಹಾಕಿಸಿಕೊಂಡೇ ಗೇಟಿನಿಂದ ಹೊರಗೆ ಬರುತ್ತಿದ್ದ.

‘ಈಗಿನವರಿಗೆ ನಿಯತ್ತಿಲ್ಲ, ಎರಡು ವರ್ಷ ಒಂದು ಕಡೆ ನಿಲ್ಲುವುದಿಲ್ಲ’ ಎಂದು ಕಂಪನಿಗಳ ಮೇಲಿನವರು ದೂರುವುದನ್ನು ಕೇಳಿದಾಗಲೆಲ್ಲ ನನಗೆ ಈ ಕಾರ್ಖಾನೆಗಳ ಚರಿತ್ರೆ ನೆನಪಾಗುತ್ತದೆ. ನಂಟು ಯಾವ ಕಡೆಯಿಂದ ಕಡಿಯಿತು ಎಂಬುದಕ್ಕೆ ಅಲ್ಲಿ ಸಾಕ್ಷಿಯಿದೆ.

ಎಚ್‌ಎಎಲ್ ಹುಟ್ಟಿದ್ದು 1940ರಲ್ಲಿ. 1948ರಲ್ಲಿ ಬಂದ ಐಟಿಐ ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮ. ಅದು ತಯಾರಿಸಿದ ಟೆಲಿಫೋನಿನಿಂದಲೇ ಒಂದು ಬಡಾವಣೆ ದೂರವಾಣಿನಗರವಾಯಿತು. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್, 1964ರಲ್ಲಿ ಬಿಇಎಂಎಲ್. ಖಾಸಗಿಯವರಿಗೆ ಮಾದರಿಯಾಗುವ ಮಾಲೀಕ ತಾನಾಗಬೇಕೆಂಬ ಹಂಬಲ ಆಗಿನ ಸರ್ಕಾರಕ್ಕಿತ್ತು. ಕೆಲಸದ ಜೊತೆಗೆ ಕ್ವಾರ್ಟರ್ಸ್, ಆಸ್ಪತ್ರೆ, ಮಕ್ಕಳಿಗೆ ಶಾಲೆ, ಕಡಿಮೆ ದರದ ಕ್ಯಾಂಟೀನು, ಮನೆ ಹತ್ತಿರಕ್ಕೆ ಬರುವ ಫ್ಯಾಕ್ಟರಿ ಬಸ್ಸು ಸಿಕ್ಕವು. ಕಾರ್ಖಾನೆಗಳ ಒಳಗೇ ಕನ್ನಡ ಸಂಘಗಳು ಬೆಳೆದವು. ಶಿಫ್ಟ್ ಮುಗಿಸಿ ನಾಟಕದ ತಾಲೀಮಿಗೆ ಕೂರುತ್ತಿದ್ದವರಿಗೆ ಕಂಪನಿ ಸಂಬಳ ಕೊಡುವ ಜಾಗ ಮಾತ್ರವಾಗಿರಲಿಲ್ಲ, ಅದೇ ಅವರ ಊರಾಗಿತ್ತು.

ಇವುಗಳಲ್ಲಿ ಎಚ್‌ಎಂಟಿಯ ಕಥೆ ನನಗೆ ಹೆಚ್ಚು ಹತ್ತಿರ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಅಲ್ಲಿ ಕೈಗಡಿಯಾರ ತಯಾರಾಗತೊಡಗಿತು. ಮೊದಲ ಗಡಿಯಾರಗಳನ್ನು ನೆಹರೂ ಬಿಡುಗಡೆ ಮಾಡಿದರು. ಕೂದಲೆಳೆಯಂಥ ಸ್ಪ್ರಿಂಗು, ಸಾಸಿವೆಗಿಂತ ಚಿಕ್ಕ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಜೋಡಣೆ ವಿಭಾಗದಲ್ಲಿ ಹೆಂಗಸರು ದೊಡ್ಡ ಸಂಖ್ಯೆಯಲ್ಲಿದ್ದರು. ಆ ಕೈಚಳಕ ವಾರದ ತರಬೇತಿಯಲ್ಲಿ ಬರುವಂಥದ್ದಲ್ಲ, ವರ್ಷಗಳು ಬೇಕು. ಅಷ್ಟು ವರ್ಷ ಒಬ್ಬರು ನಿಲ್ಲಬೇಕಾದರೆ ಕಂಪನಿಯೂ ಅವರನ್ನು ಉಳಿಸಿಕೊಳ್ಳಬೇಕು. ಜನತಾ, ಪೈಲಟ್, ಕಾಂಚನ ಗಡಿಯಾರಗಳು ದೇಶದ ತುಂಬ ಹೋದವು. ಬೇರೆ ಬೇರೆ ಕಚೇರಿ, ಕಾರ್ಖಾನೆಗಳು ದೀರ್ಘ ಸೇವೆಯ ನೌಕರನಿಗೆ ಕೊಡುತ್ತಿದ್ದ ಉಡುಗೊರೆಯೂ ಅನೇಕ ಸಲ ಈ ಗಡಿಯಾರವೇ.

ಈ ನಿಯತ್ತನ್ನು ಗುಲಾಮಗಿರಿ ಎಂದುಕೊಂಡರೆ ತಪ್ಪಾಗುತ್ತದೆ. 1980ರ ಡಿಸೆಂಬರಿನಲ್ಲಿ ಈ ಉದ್ಯಮಗಳ ಕಾರ್ಮಿಕರು, ಒಂದು ಲಕ್ಷಕ್ಕೂ ಹೆಚ್ಚು ಮಂದಿ, ಇನ್ನೊಂದು ಸರ್ಕಾರಿ ಉದ್ಯಮವಾದ ಬಿಎಚ್‌ಇಎಲ್‌ಗೆ ಸಮನಾದ ವೇತನ ಕೇಳಿ ಕೆಲಸ ನಿಲ್ಲಿಸಿದರು. ಮುಷ್ಕರ 1981ರ ಮಾರ್ಚ್‌ವರೆಗೆ ಎಳೆಯಿತು. ಸಂಬಳವಿಲ್ಲದೆ ಎಷ್ಟೋ ಮನೆಗಳ ಒಡವೆ ಗಿರವಿಗೆ ಹೋಯಿತು. ಬಯಸಿದ್ದು ಪೂರ್ತಿ ಸಿಗಲಿಲ್ಲ. ಆದರೂ ಅವರು ಅದೇ ಗೇಟಿನೊಳಗೆ ಹೋಗಿ ಅದೇ ಯಂತ್ರದ ಮುಂದೆ ನಿಂತರು. ತನ್ನದೆನಿಸಿದ ಕಡೆ ಮಾತ್ರ ಮನುಷ್ಯ ಅಷ್ಟು ಹಟ ಹಿಡಿದು ಜಗಳವಾಡುತ್ತಾನೆ.

ಬಿರುಕು ಕಾಣಿಸಿದ್ದು ಆಮೇಲೆ. ಕ್ವಾರ್ಟ್ಜ್ ಗಡಿಯಾರದ ಕಾಲ ಬಂತು. 1984ರಲ್ಲಿ ಸ್ಥಾಪನೆಯಾದ ಟೈಟಾನ್ ಹೊಸೂರಿನಲ್ಲಿ ಕಾರ್ಖಾನೆ ತೆರೆಯಿತು. ಎಚ್‌ಎಂಟಿ ಹೆಚ್ಚಾಗಿ ಕೀಲಿ ಕೊಡುವ ಗಡಿಯಾರಗಳನ್ನೇ ನೆಚ್ಚಿ ಬಹಳ ಕಾಲ ಕೂತಿತು. ಆ ತೀರ್ಮಾನ ಚಿಮಟ ಹಿಡಿದವರದ್ದಲ್ಲ, ಬೆಲೆ ತೆತ್ತವರು ಮಾತ್ರ ಅವರು. 1991ರ ಹೊಸ ಆರ್ಥಿಕ ನೀತಿಯ ಬೆನ್ನಿಗೇ ವಿಆರ್‌ಎಸ್ ಜೋರಾಯಿತು. ಹೆಸರಿನಲ್ಲಿ ಸ್ವಯಂ ನಿವೃತ್ತಿ. ಆದರೆ ಸಂಬಳ ತಡವಾಗುತ್ತ, ಖಾಲಿ ಜಾಗ ತುಂಬದೆ, ಶಿಫ್ಟಿನಲ್ಲಿ ಮಾಡಲು ಕೆಲಸವೇ ಇಲ್ಲದೆ ಕೂತವನು ಹಾಕುವ ಸಹಿಯನ್ನು ಸ್ವಯಂ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಉಳಿದಿದ್ದವರ ಪರಿಹಾರಕ್ಕೆ 2007ರ ವೇತನ ಶ್ರೇಣಿಯನ್ನು ಲೆಕ್ಕಕ್ಕಾಗಿ ಅನ್ವಯಿಸಲಾಯಿತು. ದುಡಿಯುವಾಗ ಸಿಗದ ಶ್ರೇಣಿ ಮನೆಗೆ ಹೋಗುವಾಗ ಕಾಗದದ ಮೇಲೆ ಸಿಕ್ಕಿತು. ತುಮಕೂರಿನ ಘಟಕದ ಜಾಗ ಇಸ್ರೋಗೆ ಹೋಯಿತು. ಅದಕ್ಕೂ ಮೊದಲೇ, 2001ರ ಫೆಬ್ರವರಿ 28ರಂದು, ಕೋಲಾರದ ಚಿನ್ನದ ಗಣಿ ಬಾಗಿಲು ಹಾಕಿತ್ತು. ತಲೆಮಾರುಗಟ್ಟಲೆ ನೆಲದಡಿ ಇಳಿದ ಕುಟುಂಬಗಳು ಗಣಿಯ ಮನೆಗಳಲ್ಲೇ ಉಳಿದುಕೊಂಡವು.

ಕಾಯಂ ಕೆಲಸ ಹೋದ ಕಡೆ ಗುತ್ತಿಗೆ ಬಂತು. ನಿರಂತರವಾಗಿ ನಡೆಯುವ ಕೆಲಸಗಳಲ್ಲಿ ಗುತ್ತಿಗೆ ಪದ್ಧತಿಯನ್ನು ನಿಷೇಧಿಸಲು ಅವಕಾಶವಿದ್ದ 1970ರ ಕಾಯ್ದೆ ಜಾರಿಯಲ್ಲೇ ಇತ್ತು. ಆದರೆ ಹಾಗೆ ನಿಷೇಧಿಸಿದರೂ ಕಾರ್ಮಿಕರು ತಾವಾಗಿಯೇ ಕಾಯಂ ಆಗುವುದಿಲ್ಲ ಎಂದು ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಶುರುವಾದ ಉಮಾದೇವಿ ಪ್ರಕರಣದ ತೀರ್ಪು ಬಂದದ್ದು 2006ರ ಏಪ್ರಿಲ್ 10ರಂದು. ನಿಯಮದಂತೆ ನೇಮಕವಾಗದವರಿಗೆ ಬಹಳ ವರ್ಷ ದುಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕಿಲ್ಲ ಎಂದಿತು. ಅದೇ ತಿಂಗಳ ಮೊದಲ ದಿನದಿಂದ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿಯೂ ಇಲ್ಲವಾಗಿತ್ತು. ಮಾದರಿ ಮಾಲೀಕನೇ ಹಿಂದೆ ಸರಿದ ಮೇಲೆ ಖಾಸಗಿಯವರನ್ನು ಕೇಳುವವರು ಯಾರು?

ಫಲ ಎದುರಿಗಿದೆ. 2020ರ ಡಿಸೆಂಬರಿನಲ್ಲಿ ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ, ಐಫೋನ್ ಜೋಡಿಸುತ್ತಿದ್ದ ಕಾರ್ಮಿಕರ ಸಿಟ್ಟು ಕಿಟಕಿ ಗಾಜು ಒಡೆಯಿತು. ಬಹುಪಾಲು ಮಂದಿ ಏಜೆನ್ಸಿಗಳ ಮೂಲಕ ಬಂದವರು. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಂದಿರಲಿಲ್ಲವೆಂದು ಆ್ಯಪಲ್ ಕಂಪನಿಯೇ ಆಮೇಲೆ ಒಪ್ಪಿತು. ಗಾಜು ಒಡೆದದ್ದನ್ನು ಸಮರ್ಥಿಸಲಾರೆ. ಆದರೆ ತಾನು ಯಾರ ಕೆಲಸಗಾರ ಎಂಬುದೇ ಸ್ಪಷ್ಟವಿಲ್ಲದವನು ಯಾರಿಗೆ ನಿಷ್ಠನಾಗಿರಬೇಕು? ಮರುವರ್ಷದ ಡಿಸೆಂಬರಿನಲ್ಲಿ ಐಟಿಐನ ಸುಮಾರು 80 ಗುತ್ತಿಗೆ ಕಾರ್ಮಿಕರು ಕೆಲಸ ಕಳೆದುಕೊಂಡು ಗೇಟಿನ ಹೊರಗೆ ತಿಂಗಳುಗಟ್ಟಲೆ ಧರಣಿ ಕೂತರು. ಕೆಲವರದು ದಶಕಗಳ ದುಡಿಮೆ.

ಐಟಿ ಕಂಪನಿಗಳ ಹುಡುಗ ಹುಡುಗಿಯರು ಇಂಥ ಅಪ್ಪ–ಅಮ್ಮಂದಿರನ್ನು ನೋಡಿ ಬೆಳೆದವರು. ವಿಆರ್‌ಎಸ್ ಹಣ ಕರಗಿದ್ದನ್ನು ಕಂಡಿದ್ದಾರೆ. ಪ್ರಾಜೆಕ್ಟ್ ಇಲ್ಲದೆ ಬೆಂಚ್ ಮೇಲೆ ಕೂತ ಗೆಳೆಯನನ್ನು ಒಂದೇ ಮೀಟಿಂಗಿನಲ್ಲಿ ರಾಜೀನಾಮೆ ಬರೆಸಿ ಕಳಿಸಿದ್ದನ್ನು ಕಂಡಿದ್ದಾರೆ. ಹೆಚ್ಚು ಕೊಡುವ ಕಡೆಗೆ ಅವರು ಪೇಪರ್ ಹಾಕಿ ಹೋದರೆ ನಾನು ತಪ್ಪೆನ್ನಲಾರೆ.

ನಿಯತ್ತಿನ ಕೆಲಸಗಾರರು ಬೇಕೆನ್ನುವ ಉದ್ಯಮಿಗಳಲ್ಲೂ ಸರ್ಕಾರದಲ್ಲೂ ಒಂದು ಕೋರಿಕೆ: ವರ್ಷವಿಡೀ ನಡೆಯುವ ಕೆಲಸಕ್ಕೆ ಏಜೆನ್ಸಿಯ ಮರೆ ಬೇಡ. ನೇಮಕಾತಿ ಪತ್ರ ನಿಮ್ಮದೇ ಹೆಸರಿನಲ್ಲಿರಲಿ, ಸಂಬಳ ಹೇಳಿದ ದಿನಕ್ಕೆ ಬರಲಿ.